ಇಟಲಿ ಗಾಡಿಯ ಎಡಮಗ್ಗುಲು

ಕಾರು ನೋಡಲು ಬರುವವರು ಹತ್ತು ಗಂಟೆಗೆ ಬರುತ್ತೇವೆಂದು ಹೇಳಿ ಕಳಿಸಿದ್ದರು. ಮೇಸ್ತ್ರಿ ಆರಕ್ಕೇ ಶೆಡ್ಡಿನ ಬಾಗಿಲು ತೆಗೆದು, ನೆಲಕ್ಕೆ ನೀರು ಚಿಮುಕಿಸಿ ಗುಡಿಸಿ, ಧೂಳು ಅಡಗಿದ ಮೇಲೆ ಕಾರಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ಮೆಲ್ಲನೆ ಎಳೆದ. ಕಿಟಕಿಯ ಬೆಳಕು ಬಾನೆಟ್ಟಿನ ಮೇಲೆ ಬಿದ್ದು, ಚಕ್ರದ ಮೇಲಿನ ಉಬ್ಬನ್ನು ಹತ್ತಿ ಇಳಿದು, ಬಾಗಿಲಿನುದ್ದಕ್ಕೂ ಎಲ್ಲೂ ಮುರಿಯದೆ ಹಿಂದಿನ ದೀಪದವರೆಗೆ ಹೋಯಿತು. ಅವನು ಆಚೆ ಮಗ್ಗುಲಿಗೆ ಹೋಗಿ ನೋಡಿದ. ಅಲ್ಲಿಯೂ ಹಾಗೆಯೇ.

"ಮದುವೆ ಹೆಣ್ಣನ್ನ ನೋಡಿದ ಹಾಗೆ ನೋಡಿದ್ದು ಸಾಕು, ಬಂದು ತಿಂಡಿ ತಿನ್ನಿ," ಎಂದಳು ಹೆಂಡತಿ ಹಿಂದಿನ ಕೋಣೆಯಿಂದ. ಶೆಡ್ಡಿಗೆ ಅಂಟಿಕೊಂಡ ಆ ಒಂದು ಕೋಣೆಯೇ ಅವರ ಮನೆ. "ನನ್ನನ್ನ ಒಂದು ದಿನ ಹಾಗೆ ನೋಡಿದ್ದು ಕಾಣೆ."

"ನಿನಗೆ ಬಣ್ಣ ಬಳಿಯೋ ಕೆಲಸ ನನಗೆ ಬಿದ್ದಿರಲಿಲ್ಲವಲ್ಲೇ."

ಅವಳು ನಕ್ಕಳು. ಕಾರಿನ ಸೀಟುಗಳನ್ನು ಹೊಲಿದವಳು ಅವಳೇ. ಚರ್ಮಕ್ಕೆ ತೂತು ಹಾಕುವ ದಬ್ಬಳದಿಂದ ಅವಳ ಹೆಬ್ಬೆರಳಿನ ಉಗುರು ಎರಡು ಸಲ ಹೋಗಿ ಬಂದಿತ್ತು.

ಕಾರು ಅವರದ್ದಲ್ಲ. ಅಂಗಳದಾಚೆಯ ಹೆಂಚಿನ ಮನೆಯಲ್ಲಿದ್ದ ದನದ ಡಾಕ್ಟರದು. ಮುಚ್ಚಿಹೋದ ಸಕ್ಕರೆ ಮಿಲ್ಲಿನ ಮಾಲೀಕನೊಬ್ಬ, ಸಾಯಲು ಬಿದ್ದ ತನ್ನ ಕುದುರೆಯನ್ನು ಡಾಕ್ಟರು ಎಬ್ಬಿಸಿ ನಿಲ್ಲಿಸಿದರೆಂಬ ಸಂತೋಷಕ್ಕೆ, ಹುಲ್ಲಿನ ಕೊಟ್ಟಿಗೆಯಲ್ಲಿ ಬಿದ್ದಿದ್ದ ಇದನ್ನು ಕೊಟ್ಟುಬಿಟ್ಟಿದ್ದ. ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ತಂದ ದಿನ ಊರಿಗೆ ಊರೇ ನಗಾಡಿತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು; ಅದು ಮರಿ ಮಾಡುವ ತನಕ ಡಾಕ್ಟರು ಯಾರಿಗೂ ಬಾಗಿಲು ತೆಗೆಯಲು ಬಿಡಲಿಲ್ಲ. ಅಂದಿನಿಂದ ಅದಕ್ಕೆ ಮೊಟ್ಟೆಗಾಡಿ ಎಂದೇ ಹೆಸರು. ಅದು ಎಂಥ ಗಾಡಿಯೆಂಬುದು ಪುಸ್ತಕ ತರಿಸಿ ಓದಿದ ಮೇಲೆ ಡಾಕ್ಟರಿಗೆ ತಿಳಿಯಿತು. ಇಟಲಿಯ ಒಂದು ಸಣ್ಣ ಕಾರ್ಖಾನೆಯವರು ಬೇರೆಯವರಿಂದ ಎಂಜಿನ್ನು, ಅಡಿಯ ಚೌಕಟ್ಟಾದ ಚಾಸಿ ತಂದು, ಅದರ ಮೇಲೆ ಅಲ್ಯೂಮಿನಿಯಂ ತಗಡನ್ನು ಕೈಯಿಂದಲೇ ಬಡಿದು ಮೈ ಕಟ್ಟಿದ ಎರಡು ಬಾಗಿಲಿನ ಕೂಪೆ. ಕಟ್ಟಿದ್ದು ಐದೇ ಐದು.

ಮೇಸ್ತ್ರಿ ಕಾರಿನ ಕೆಲಸ ಕಲಿತವನಲ್ಲ. ಹಾಲಿನ ಕ್ಯಾನು, ಕಾಳಿನ ಪೀಪಾಯಿ, ಬಾವಿಯ ಕೊಡ ಮಾಡುವ ತಗಡಿನ ಮನೆತನದಲ್ಲಿ ಕಲಿತವನು. ಅವನ ಗುರು ಪೀಪಾಯಿಯ ಎರಡು ಮಗ್ಗುಲನ್ನು ಕಣ್ಣು ಮುಚ್ಚಿ ಸವರಿ ನೋಡುತ್ತಿದ್ದ. ಒಂದು ಕಡೆಗಿಂತ ಇನ್ನೊಂದು ಕಡೆ ಕೂದಲೆಳೆಯಷ್ಟು ಉಬ್ಬಿದರೂ ಸುತ್ತಿಗೆಯ ಹಿಡಿಯಿಂದ ಬೆರಳಿನ ಗೆಣ್ಣಿಗೆ ಕುಟ್ಟುತ್ತಿದ್ದ. ಆ ಗೆಣ್ಣುಗಳು ಈಗಲೂ ಚಳಿಗಾಲದಲ್ಲಿ ನೋಯುತ್ತವೆ. ಡಾಕ್ಟರಿಗೆ ಇವನ ಕೈ ಗೊತ್ತಿತ್ತು. ಅಂಗಳದ ಮೂಲೆಯ ಶೆಡ್ಡನ್ನು ತೆರೆದುಕೊಟ್ಟು, "ಮೇಸ್ತ್ರಿ, ಇದನ್ನ ನಿಲ್ಲಿಸು. ಮುಗಿದ ದಿನ ಈ ಶೆಡ್ಡು ನಿನ್ನದು," ಎಂದರು. ಹನ್ನೊಂದು ವರ್ಷ ಹಿಡಿಯಿತು. ಮುಗಿಯಲು ಎರಡು ವರ್ಷ ಇರುವಾಗ ಡಾಕ್ಟರು ತೀರಿಹೋದರು.

ಈಗ ಅವರ ಹೆಂಡತಿ ಡಾಕ್ಟರಮ್ಮನ ಸೊಂಟದ ಮೂಳೆ ಸವೆದು ಹೋಗಿದೆ. ಪಟ್ಟಣದಲ್ಲಿ ಆಪರೇಷನ್ ಆಗಬೇಕು. ಅದಕ್ಕೆ ಕಾರಾದರೂ ಮಾರಬೇಕು, ಅಂಗಳವನ್ನಾದರೂ ಕೊಡಬೇಕು. ಪಕ್ಕದ ಹುಲ್ಲಿನ ವ್ಯಾಪಾರಿ ಗೋದಾಮಿಗೆಂದು ಅಂಗಳ ಕೇಳುತ್ತಲೇ ಇದ್ದ. "ಕಾರೇ ಹೋಗಲಿ ಮೇಸ್ತ್ರಿ," ಎಂದಿದ್ದರು ಡಾಕ್ಟರಮ್ಮ. "ಅದು ಹೋದರೆ ಶೆಡ್ಡು ನಿನ್ನ ಹೆಸರಿಗೆ ಬರೆದುಕೊಡ್ತೀನಿ. ಅವರ ಮಾತು ಉಳಿಯುತ್ತೆ." ಅವರ ಅಕ್ಕನ ಮಗ ಹಳೆ ಕಾರುಗಳ ಪತ್ರಿಕೆಯೊಂದಕ್ಕೆ ಫೋಟೋ ಸಮೇತ ಜಾಹೀರಾತು ಕಳಿಸಿದ: ಅಪರೂಪದ ಇಟಲಿ ಕೂಪೆ, ಕೈಬಡಿತದ ಮೈ, ಐದರಲ್ಲಿ ಒಂದು, ಮಾರಾಟಕ್ಕಿದೆ. ತಿಂಗಳೊಳಗೆ ದೂರದಿಂದ ಉತ್ತರ ಬಂತು.

ಬಂದವರು ಒಬ್ಬರೇ. ತೆಳ್ಳಗಿನ ಮನುಷ್ಯ, ಹಣೆಯ ಮೇಲೊಂದು, ಮೂಗಿನ ಮೇಲೊಂದು ಕನ್ನಡಕ. ಇಂಥ ಕಾರುಗಳು ಅಸಲಿಯೇ ಎಂದು ನೋಡಿ ಹೇಳುವುದೇ ಅವರ ಕಸುಬು; ಅವರು ಹೂಂ ಅಂದರೆ ಅವರನ್ನು ಕಳಿಸಿದ ಧಣಿ ಕೊಳ್ಳುತ್ತಾನೆ. ಡಾಕ್ಟರಮ್ಮ ಊರುಗೋಲು ಹಿಡಿದು ಬಂದು ಸ್ಟೂಲಿನ ಮೇಲೆ ಕೂತರು. ಹುಲ್ಲಿನ ವ್ಯಾಪಾರಿ ಬೇಲಿಯಾಚೆಯಿಂದಲೇ ಇಣುಕಿದ.

"ಏನು ಮೇಸ್ತ್ರಿ, ಮೊಟ್ಟೆಗಾಡಿ ಕೊನೆಗೂ ಹಾರುತ್ತಾ?"

"ಹಾರುತ್ತೆ. ನೀನು ಹುಲ್ಲು ಮುಚ್ಚಿಕೊ, ಗಾಳಿಗೆ ಹೋದೀತು."

ಕನ್ನಡಕದವರು ಮೊದಲು ಎಂಜಿನ್ನಿನ ಸಂಖ್ಯೆ ನೋಡಿದರು. ಟಾರ್ಚು ಹಿಡಿದು ಅಂಗಾತ ಮಲಗಿ ಚಾಸಿಯ ಸಂಖ್ಯೆ ನೋಡಿದರು. ಎದ್ದು ಬೆನ್ನಿನ ಮಣ್ಣು ಕೊಡವಿಕೊಳ್ಳದೆಯೇ, "ಸರಿಯಾಗಿದೆ," ಎಂದರು. "ನಾಲ್ಕನೇದು ಇದು. ಕಳೆದೇಹೋಯ್ತು ಅಂದುಕೊಂಡಿದ್ವಿ." ಡಾಕ್ಟರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಸ್ತ್ರಿಯ ಹೆಂಡತಿ ಕಾಫಿ ತರುತ್ತೇನೆಂದು ಒಳಗೆ ಓಡಿದಳು.

ಅವರು ಬಲಮಗ್ಗುಲನ್ನು ಸವರಿಕೊಂಡು ಹಿಂದಕ್ಕೆ ಹೋದರು, ಹಿಂದಿನಿಂದ ಸುತ್ತಿ ಎಡಮಗ್ಗುಲಿಗೆ ಬಂದರು. ಮುಂದಿನ ಚಕ್ರದ ಮೇಲೆ ಬಂದಾಗ ಕೈ ನಿಂತಿತು. ಹಿಂದೆ ಹೋಗಿ ಮತ್ತೆ ಸವರಿದರು. ಚೀಲದಿಂದ ಟೇಪು ತೆಗೆದು ಬಾನೆಟ್ಟಿನ ನಡುವಿನಿಂದ ಈ ಕಡೆಗೆ ಅಳೆದರು, ಆ ಕಡೆಗೆ ಅಳೆದರು.

"ಈ ಎಡಗಡೆ ಯಾರು ಮುಟ್ಟಿದ್ದು?"

ಮೇಸ್ತ್ರಿ ಇಷ್ಟು ವರ್ಷ ಈ ಪ್ರಶ್ನೆಗಾಗಿಯೇ ಕಾದಿದ್ದವನಂತೆ ಮುಂದೆ ಬಂದ.

"ನಾನೇ ಸಾರ್. ಬಂದಾಗ ನೋಡಬೇಕಿತ್ತು ನೀವು. ಎಡಗೆನ್ನೆ ಹಲ್ಲುನೋವಿಗೆ ಬಾತ ಹಾಗಿತ್ತು. ಯಾರೋ ಯಾವಾಗಲೋ ಗುದ್ದಿಸಿ, ಕೈಲಾಗದವನ ಹತ್ರ ರಿಪೇರಿ ಮಾಡಿಸಿರಬೇಕು. ಬಲಗಡೆಗಿಂತ ಒಂದು ಬೆರಳು ದಪ್ಪ! ರಟ್ಟಿನಲ್ಲಿ ಬಲಗಡೆಯ ಅಚ್ಚು ತೆಗೆದೆ, ಇಪ್ಪತ್ತಾರು ತುಂಡು. ತಿರುಗಿಸಿ ಎಡಗಡೆಗೆ ಹಿಡಿದೆ. ಹಿಡಿದಲ್ಲೆಲ್ಲ ಬೆಳಕು ಕಾಣ್ತಿತ್ತು. ಈಗ ಹಿಡೀರಿ, ಎಲ್ಲಾದರೂ ಬೆಳಕು ತೂರಿದರೆ ನನ್ನ ಮೀಸೆ ಬೋಳಿಸಿ."

"ತಗಡು ಬದಲಾಯಿಸಿದ್ರಾ?"

"ರಾಮ ರಾಮ! ಹಳೇದೇ. ಒಂದು ತೇಪೆ ಇಲ್ಲ. ಸೋಪು ಸವರಿ ಕಾಯಿಸೋದು, ಸೋಪು ಕಪ್ಪಗಾದ ತಕ್ಷಣ ಬೆಂಕಿ ತೆಗೆಯೋದು, ಆರಿದ ಮೇಲೆ ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಲ್ಲಿ ಬಡಿಯೋದು. ಎಡಗಡೆ ಒಂದಕ್ಕೇ ಹದಿನಾಲ್ಕು ತಿಂಗಳು. ಒಳಗಡೆ ಏನೇನೋ ಏಟಿನ ಗುರುತು ಇತ್ತು, ಒರಟೊರಟಾಗಿ. ಅದನ್ನೂ ತೀಡಿ ನುಣ್ಣಗೆ ಮಾಡಿದೀನಿ. ಕಾಣದ ಜಾಗ ಅಂತ ಬಿಡಲಿಲ್ಲ."

ಕನ್ನಡಕದವರು ಚೀಲದಿಂದ ಫೋಟೋಗಳ ಕಟ್ಟು ತೆಗೆದು ಬಾನೆಟ್ಟಿನ ಮೇಲೆ ಹರಡಿದರು. ಕಪ್ಪು ಬಿಳುಪು ಫೋಟೋಗಳು. ಒಂದೊಂದರಲ್ಲೂ ಒಂದೊಂದು ಕಾರು ಎದುರಿನಿಂದ ನೋಡುತ್ತಿತ್ತು. ಒಂದೊಂದಕ್ಕೂ ಎಡಗೆನ್ನೆ ಬಾತಿತ್ತು.

"ಆ ಕಾರ್ಖಾನೆಯಲ್ಲಿ ಬಡಿಯೋರು ಇಬ್ಬರು," ಎಂದರು ಅವರು, ಫೋಟೋಗಳನ್ನೇ ನೋಡುತ್ತ. "ಬಲಮಗ್ಗುಲು ಒಬ್ಬನದು, ಎಡಮಗ್ಗುಲು ಇನ್ನೊಬ್ಬನದು. ಅಚ್ಚಿಲ್ಲ, ಅಳತೆಯಿಲ್ಲ, ಕಣ್ಣಂದಾಜು. ಎಡಗಡೆಯವನ ಕೈ ಸ್ವಲ್ಪ ಧಾರಾಳ. ಐದೂ ಕಾರಿನಲ್ಲಿ ಹೀಗೇ ಇದೆ. ಒಳಗಿನ ಆ ಒರಟು ಏಟುಗಳು ಅವನವು. ನಕಲಿ ಯಾವುದು, ಅಸಲಿ ಯಾವುದು ಅಂತ ನಾವು ಗುರುತು ಹಿಡಿಯೋದೇ ಅದರಿಂದ."

ಕಾಫಿಯ ಲೋಟ ಹಿಡಿದು ಬಂದ ಹೆಂಡತಿ ಎಲ್ಲರ ಮುಖವನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ಮತ್ತೆ ಉಬ್ಬಿಸ್ತೀನಿ ಸಾರ್," ಎಂದ ಮೇಸ್ತ್ರಿ. ಅವನ ದನಿ ಅವನಿಗೇ ಸಣ್ಣದಾಗಿ ಕೇಳಿಸಿತು. "ಒಂದು ಬೆರಳು ತಾನೆ. ಆರು ತಿಂಗಳು ಕೊಡಿ. ನನ್ನ ಕೈಗೆ ನೆನಪಿದೆ."

"ಉಬ್ಬಿಸಬಹುದು. ಆದರೆ ಅದು ನೀವು ಮಾಡಿದ ಉಬ್ಬು. ಅವನ ಏಟನ್ನ ಎಲ್ಲಿಂದ ತರ್ತೀರಿ?" ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಸುಳ್ಳು ಹೇಳಲ್ಲ ಮೇಸ್ತ್ರಿ. ಮೂವತ್ತು ವರ್ಷದಲ್ಲಿ ಇಂಥ ತಗಡಿನ ಕೆಲಸ ನಾನು ನೋಡಿಲ್ಲ. ಕೆಟ್ಟದಾಗಿ ಮಾಡಿದ್ದಿದ್ದರೆ ಅಲ್ಲಲ್ಲಿ ಹಳೆಯದು ಉಳಿದಿರೋದು. ನೀವು ಏನೂ ಉಳಿಸಿಲ್ಲ."

ಧಣಿಯ ಹತ್ತಿರ ಇದೇ ಜಾತಿಯ ಇನ್ನೊಂದು ಕಾರಿದೆ, ಮೈ ಅಸಲಿ, ಅಡಿಭಾಗ ಬೆಂಕಿಗೆ ಸುಟ್ಟಿದೆ ಎಂದು ಅವರು ಡಾಕ್ಟರಮ್ಮನಿಗೆ ಹೇಳಿದರು. ಎಂಜಿನ್ನು, ಚಾಸಿ, ಗಾಲಿ, ಗಾಜು ಇಷ್ಟನ್ನು ಮಾತ್ರ ಕೊಳ್ಳಬಹುದು. ಮೈ ಬೇಡ. ಅವರು ಹೇಳಿದ ಬೆಲೆ ಆಪರೇಷನ್ನಿಗೆ ಅರ್ಧವೂ ಆಗುತ್ತಿರಲಿಲ್ಲ. ಡಾಕ್ಟರಮ್ಮ ಬೇಲಿಯ ಕಡೆಗೆ ತಿರುಗಿ ನೋಡಿದರು. ಹುಲ್ಲಿನ ವ್ಯಾಪಾರಿ ಈಗ ಅಲ್ಲಿರಲಿಲ್ಲ. ಅಂಗಳ ಇನ್ನು ತನಗೇ ಬರುತ್ತದೆಂದು ನಾಚಿಕೆಯಾಗಿ ಒಳಗೆ ಹೋಗಿದ್ದ.

"ಆಗಲಿ," ಎಂದರು ಅವರು.

ಕನ್ನಡಕದವರು ಹೋದ ಮೇಲೆಯೂ ಡಾಕ್ಟರಮ್ಮ ಎದ್ದಿರಲಿಲ್ಲ. ಮೇಸ್ತ್ರಿ ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತಿದ್ದ.

"ಅಮ್ಮ, ಒಂದು ಮಾತು ಹೇಳಬೇಕು. ಡಾಕ್ಟರು ಕೇಳಿದ್ರು ನನ್ನ. 'ಹಾಗೇ ಬಿಡೋಣವಾ ಮೇಸ್ತ್ರಿ, ಅದರ ಮುಖವೇ ಹಾಗಿರಬಹುದು' ಅಂದಿದ್ರು. ನಾನೇ, ಓರೆ ಕೆಲಸ ನನ್ನ ಶೆಡ್ಡಿಂದ ಆಚೆ ಹೋಗಲ್ಲ ಅಂದೆ. ಅವರು ನಕ್ಕು, ನಿನ್ನಿಷ್ಟ ಅಂದ್ರು."

ಡಾಕ್ಟರಮ್ಮ ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡರು. ಬೈದಿದ್ದರೆ ಅವನು ತಲೆ ಬಗ್ಗಿಸಿ ಕೇಳುತ್ತಿದ್ದ. "ಅವರು ಯಾರಿಗೂ ಬೇಡ ಅಂದವರಲ್ಲ ಬಿಡು," ಎಂದರು ಅವರು. "ಸ್ವಲ್ಪ ಕೈ ಕೊಡು, ಏಳೋಕಾಗ್ತಿಲ್ಲ." ಅವನು ಎಬ್ಬಿಸಿದ. ಅಂಗಳ ದಾಟುವಷ್ಟರಲ್ಲಿ ಅವರು ಮೂರು ಸಲ ನಿಂತರು. ಮೆಟ್ಟಿಲ ಹತ್ತಿರ, ಅವನ ಕಡೆ ನೋಡದೆ, "ಶೆಡ್ಡನ್ನ ಈ ತಿಂಗಳ ಕೊನೆಗೆ ಬಿಟ್ಟರೆ ಸಾಕು," ಎಂದರು.

ಮೈಯನ್ನು ಚಾಸಿಯಿಂದ ಬಿಡಿಸುವ ಕೆಲಸವೂ ಮೇಸ್ತ್ರಿಯದೇ ಆಯಿತು. ಎಲ್ಲಿ ಯಾವ ಬೋಲ್ಟಿದೆಯೆಂದು ಬಲ್ಲವರು ಬೇರೆ ಯಾರಿದ್ದರು? ಲಾರಿ ಬರುವ ಹಿಂದಿನ ದಿನ ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನಕ್ಕೆ ಮುಗಿಸಿದ. ಒಂದು ಬೋಲ್ಟೂ ತುಕ್ಕು ಹಿಡಿದಿರಲಿಲ್ಲ. ಅವನು ಗ್ರೀಸು ಹಚ್ಚಿ ಕೂರಿಸಿದವು, ಬೆರಳಿಗೇ ತಿರುಗಿ ಬಂದವು. ಎತ್ತಲೆಂದು ಹುಲ್ಲಿನ ವ್ಯಾಪಾರಿ ಆರು ಆಳುಗಳನ್ನು ತಾನಾಗಿಯೇ ಕಳಿಸಿದ್ದ. ನಾಲ್ವರು ಸಾಕಾದರು. "ಇಷ್ಟೇನಾ ತೂಕ?" ಎಂದ ಒಬ್ಬ ಆಳು. "ನಮ್ಮ ಹುಲ್ಲಿನ ಹೊರೆ ಇದಕ್ಕಿಂತ ಭಾರ." ಮೈಯನ್ನು ಅಂಗಳದಲ್ಲಿ ಮರದ ದಿಮ್ಮಿಗಳ ಮೇಲಿಟ್ಟರು. ಗಾಜಿಲ್ಲದ ಕಿಟಕಿಗಳ ಮೂಲಕ ಆಚೆಯ ಬೇಲಿ ಕಾಣುತ್ತಿತ್ತು.

ಮೇಸ್ತ್ರಿ ಮತ್ತು ಹೆಂಡತಿ ಹೋಗಬೇಕಾಗಿದ್ದುದು ಅವಳ ತಮ್ಮನ ಮನೆಗೆ. ಜಗಲಿಯ ಮೂಲೆಯೊಂದನ್ನು ತಡಿಕೆ ಕಟ್ಟಿ ಬಿಟ್ಟುಕೊಡುತ್ತೇನೆಂದಿದ್ದ. ತಗಡು ಬಡಿಯುವ ಸದ್ದು ಮಾತ್ರ ಬೇಡ, ತನ್ನ ಹೆಂಡತಿ ಬಾಣಂತಿ, ಎಂದು ಸಂಕೋಚದಿಂದಲೇ ಹೇಳಿದ್ದ. ಮೇಸ್ತ್ರಿ ಕೊಡತಿಗಳನ್ನು ಗೋಣಿಗೆ ಹಾಕಿ ಬಾಯಿ ಹೊಲಿದ.

ಕೊನೆಯ ದಿನ ಹುಲ್ಲಿನ ವ್ಯಾಪಾರಿ ಬಂದು ಬೇಲಿಯ ಹತ್ತಿರ ನಿಂತ. ಕೆಮ್ಮಿದ.

"ಮೇಸ್ತ್ರಿ, ನಾಳೆ ಗೋದಾಮಿನ ಪಾಯ ತೋಡೋರು ಬರ್ತಾರೆ. ಇದನ್ನ ಏನು ಮಾಡ್ತೀಯ? ಬೇಕಾದ್ರೆ ನನ್ನ ಹಿತ್ತಲಲ್ಲಿ ಒಂದು ಕಡೆ..."

"ಕರುಗಳನ್ನ ಕಟ್ಟೋಕಾ?"

"ಹಾಗಲ್ಲ ಮಾರಾಯ."

"ಕಟ್ಟಬಾರದು ಅಂತಲ್ಲ. ಮಳೆಗೆ ಒಳ್ಳೆ ಆಸರೆ. ಬೇಡ ಬಿಡು. ದಿನಾ ನಿನ್ನ ಕಣ್ಣಿಗೆ ಬೀಳುತ್ತೆ, ನೀನು ದಿನಾ ನನ್ನ ಬೈಕೊಳ್ತೀಯ."

"ನಾನ್ಯಾಕೆ ಬೈಲಿ ನಿನ್ನ?" ಎಂದ ವ್ಯಾಪಾರಿ, ಇನ್ನೊಮ್ಮೆ ಕೆಮ್ಮಿ ಹೋದ.

ಗುಜರಿಯವನು ಗಾಡಿ ತಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅವನು ಸುತ್ತ ಒಂದು ಸಲ ನಡೆದು ನೋಡಿ ಕೊಡಲಿ ತೆಗೆದ. ಇಡಿಯಾಗಿ ಹಿಡಿಸುವುದಿಲ್ಲ, ನಾಲ್ಕು ಏಟು ಹಾಕಿ ಮಡಚಿಕೊಳ್ಳುತ್ತೇನೆ ಎಂದ.

"ಕೊಡಲಿ ಒಳಗಿಡು," ಎಂದ ಮೇಸ್ತ್ರಿ. "ನಾನೇ ಕತ್ತರಿಸಿ ಕೊಡ್ತೀನಿ."

ಅವನು ಗೋಣಿಯ ಹೊಲಿಗೆ ಬಿಚ್ಚಿ ತಗಡಿನ ಕತ್ತರಿ ತೆಗೆದ. ಹೆಂಡತಿ ಕೇಳದೆಯೇ ಬಂದು, ಸೆರಗಿನಿಂದ ಕೈ ಮುಚ್ಚಿಕೊಂಡು ತಗಡಿನ ಅಂಚು ಹಿಡಿದಳು. ಬಿಸಿಲಿಗೆ ಅದು ಕಾದಿತ್ತು. ಅವನು ಎಡಗಡೆಯ ಚಕ್ರದ ಮೇಲಿನಿಂದಲೇ ಶುರು ಮಾಡಿದ. ಮೆತ್ತಗಿನ ತಗಡು, ಹೆಚ್ಚು ಸದ್ದಿಲ್ಲದೆ ಬಿಟ್ಟುಕೊಂಡಿತು.

"ರೀ," ಎಂದಳು ಅವಳು ಸ್ವಲ್ಪ ಹೊತ್ತಾದ ಮೇಲೆ, "ಎಷ್ಟು ದೊಡ್ಡ ತುಂಡು ಮಾಡಬೇಕು? ಗೆರೆ ಹಾಕಿಕೊಳ್ಳಲ್ವಾ?"

"ಗೆರೆ ಯಾಕೆ," ಎಂದ ಅವನು ಕತ್ತರಿ ನಿಲ್ಲಿಸದೆ. "ಗಾಡಿಗೆ ಹಿಡಿಸಿದರೆ ಸಾಕು."