ಮಿಂಚುಳ್ಳಿಯ ಹಸಿರು ರೆಕ್ಕೆ

ವಾರಕ್ಕೊಮ್ಮೆ ನಾನು ಹೊಸ ಸೂಪರ್‌ಹೀರೋ ಕಾಮಿಕ್ಸ್‌ಗಳ ವಿಮರ್ಶೆ ಬರೆದು, 'ಹಳೇ ಮುಸುಕು' ಎಂಬ ಹೆಸರಿನಲ್ಲಿ ಇಂಟರ್‌ನೆಟ್ಟಿಗೆ ಹಾಕುತ್ತೇನೆ. ಹೊಟ್ಟೆಪಾಡಿಗೆ ಮಾಡುವುದು ಹಲ್ಲಿನ ಸೆಟ್ ಕಟ್ಟುವ ಕೆಲಸ. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಹಿಂದಿನ ಕೋಣೆಯಲ್ಲಿ ಒಬ್ಬನೇ ಕೂತು ಮೇಣದಲ್ಲಿ ಹಲ್ಲು ಜೋಡಿಸುತ್ತೇನೆ. ಆ ಬಾಯಿ ಯಾರದೆಂದು ನನಗೆ ಗೊತ್ತಾಗುವುದಿಲ್ಲ. ಊರಿನ ಅರ್ಧ ಮುದುಕರು ನಾನು ಕಟ್ಟಿದ ಹಲ್ಲಿನಲ್ಲಿ ನಗುತ್ತಾರೆ. ನನ್ನ ಮುಖ ನೋಡಿ ನಕ್ಕವರನ್ನು ಮಾತ್ರ ದೀಪ ಹಿಡಿದು ಹುಡುಕಬೇಕು.

ಅಕ್ಕ ಫೋನ್ ಮಾಡಿದಾಗಲೆಲ್ಲ ಒಂದೇ ರಾಗ. "ಲೋ, ನಿನ್ನ ವಯಸ್ಸಿನವರು ಮೊಮ್ಮಕ್ಕಳಿಗೆ ಕಥೆ ಹೇಳ್ತಾರೆ. ನೀನಿನ್ನೂ ಪ್ಯಾಂಟ್ ಮೇಲೆ ಚಡ್ಡಿ ಹಾಕ್ಕೊಂಡೋರ ಕಥೆ ಓದ್ತಾ ಕೂತಿದ್ದೀಯಲ್ಲೋ!"

ಮೊಮ್ಮಕ್ಕಳಾಗಲು ಮೊದಲು ಮದುವೆಯಾಗಬೇಕಲ್ಲಕ್ಕ ಎನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ನಾನು ಬರೆದದ್ದನ್ನು ಓದುತ್ತಿದ್ದವನು, ನನಗೆ ಗೊತ್ತಿದ್ದಂತೆ, ಒಬ್ಬನೇ. 'ಸಿಡಿಗುಂಡು' ಅಂತ ಹೆಸರಿಟ್ಟುಕೊಂಡು ವಿಮರ್ಶೆಯ ಕೆಳಗೆ ಬರೆಯುತ್ತಿದ್ದ. ಹೊಗಳುವುದಕ್ಕಲ್ಲ, ತಪ್ಪು ಹಿಡಿಯುವುದಕ್ಕೆ. 'ಮಿಂಚುಳ್ಳಿಯ ಮುಖವಾಡ ಬಿದ್ದದ್ದು ಸೇತುವೆಯ ಮೇಲಲ್ಲ ಸ್ವಾಮಿ, ಕೆಳಗೆ. ಕನ್ನಡಕ ಬದಲಿಸಿ.' ನಾನೇನು ಕಡಿಮೆಯೇ? ಮಂಚದ ಕೆಳಗಿನಿಂದ ಹಳೆಯ ಸಂಚಿಕೆ ಎಳೆದು, ಧೂಳು ಕೊಡವಿ, ತಿರುಗೇಟು ಕೊಡುತ್ತಿದ್ದೆ. ಜಗಳವಿದ್ದ ದಿನ ಊಟ ರುಚಿಸುತ್ತಿತ್ತು.

ಅವನಿಗೆ ಹೆದರಿ ಹೆದರಿ ನನ್ನ ಬರಹ ಗಟ್ಟಿಯಾಯಿತು. ತಪ್ಪೇ ಸಿಗದಂತಾಯಿತು. ಸಿಡಿಗುಂಡು ಅಪರೂಪವಾದ. ತಪ್ಪಿಲ್ಲದ ಕಡೆ ಅವನಿಗೇನು ಕೆಲಸ? ಅವನೂ ಹೋಗಿಬಿಟ್ಟರೆ ನಾನು ಗೋಡೆಗೆ ಬರೆದಂತೆ ಎಂದು ನಿಜಕ್ಕೂ ಭಯವಾಯಿತು. ಆಗಲೇ ನನಗೆ ಆ ಕೆಟ್ಟ ಬುದ್ಧಿ ಬಂದದ್ದು.

ಆ ವಾರ, ರೆಕ್ಕೆ ಕಟ್ಟಿಕೊಂಡು ಹಾರುವ ನಾಯಕಿ 'ಮಿಂಚುಳ್ಳಿ'ಯ ಹೊಸ ಸಂಚಿಕೆ ಬಂದಿತ್ತು. ತುಕ್ಕರಾಯ ಎಂಬ ಖಳ ಮುಟ್ಟಿದ್ದೆಲ್ಲ ತುಕ್ಕು ಹಿಡಿಯುತ್ತದೆ. ಮಗಳ ಕಬ್ಬಿಣದ ತೊಟ್ಟಿಲನ್ನು ತೂಗಲಾರದೆ ಅವನು ಕೈಕಟ್ಟಿ ನಿಂತ ಪುಟದಲ್ಲಿ ಒಂದೂ ಮಾತಿಲ್ಲ. ಹೊಸ ಚಿತ್ರಗಾರ್ತಿಗೆ ಶರಣು ಎಂದು ಬರೆದೆ. ಹೋದ ಸಂಚಿಕೆಯಲ್ಲಿ ಸತ್ತ ಮಿಂಚುಳ್ಳಿ ಈ ಸಲ ಎದ್ದು ಕೂತಿದ್ದಾಳೆ, ಇವರಿಗೆ ಸಾವೆಂದರೆ ಬಸ್ಸು ತಪ್ಪಿದಷ್ಟೇ ಎಂದು ಬೈದೆ. ನಡುವೆ, ಅವಳ ಹಸಿರು ರೆಕ್ಕೆ ಸೊಗಸಾಗಿದೆ ಎಂದು ಸೇರಿಸಿದೆ. ಅವಳ ರೆಕ್ಕೆ ನೀಲಿ ಎಂದು ತೊಟ್ಟಿಲ ಕೂಸಿಗೂ ಗೊತ್ತು.

ಸಿಡಿಗುಂಡು ಅಂದೇ ಸಿಡಿದ. 'ಹಸಿರಾ? ಕಣ್ಣು ಎಲ್ಲಿಟ್ಟು ಓದಿದ್ರಿ?' ನನಗೆ ಖುಷಿಯೋ ಖುಷಿ. ಮುಂದಿನ ವಾರ ತುಕ್ಕರಾಯನನ್ನು ಅವಳ ಅಣ್ಣನನ್ನಾಗಿ ಮಾಡಿದೆ. ಉತ್ತರ ಬಂತು, ಆದರೆ ಮೆತ್ತಗೆ: 'ಅಣ್ಣ ಅಲ್ಲ ಅನ್ಸುತ್ತೆ, ಇನ್ನೊಂದ್ಸಲ ನೋಡಿ.' ಗಾಳ ಚಿಕ್ಕದಾಯಿತೇನೋ ಎಂದುಕೊಂಡು ಅವಳ ಊರನ್ನೇ ಬದಲಿಸಿದೆ. ವರ್ಷದ ಅತಿ ದರಿದ್ರ ಸಂಚಿಕೆಯನ್ನು ಅಮರ ಕೃತಿ ಎಂದೆ. ಉತ್ತರವಿಲ್ಲ. ಆಮೇಲಿನ ವಾರವೂ ಇಲ್ಲ. ಮೇಣ ಮೆತ್ತಿದ ಕೈಯಲ್ಲೇ ಫೋನ್ ತೆಗೆದು ನೋಡುತ್ತಿದ್ದೆ. ಕಾಯಿಲೆ ಬಿದ್ದನೋ, ಸತ್ತೇಹೋದನೋ? ಹೆಸರೇ ಗೊತ್ತಿಲ್ಲದವನನ್ನು ಏನೆಂದು ವಿಚಾರಿಸುವುದು?

ಒಂದು ಸಂಜೆ ಕಾಮಿಕ್ಸ್ ಅಂಗಡಿಗೆ ಹೋದಾಗ ಅಂಗಡಿಯವನು ಕೂಗಿದ. "ಹಳೇ ಮುಸುಕು ಸಾರ್, ನಿಮ್ಮನ್ನ ಕೇಳ್ಕೊಂಡು ಒಬ್ರು ಬಂದಿದಾರೆ."

ಬಾಗಿಲ ಪಕ್ಕದ ಸ್ಟೂಲಿನಿಂದ ಸಣಕಲು ಮನುಷ್ಯನೊಬ್ಬ ಎದ್ದ. ಲಿಫ್ಟ್ ರಿಪೇರಿಯವರ ಸಮವಸ್ತ್ರ, ಉಗುರಲ್ಲಿ ಗ್ರೀಸು.

"ನಾನೇ ಸಿಡಿಗುಂಡು," ಎಂದ. "ಈ ಅಂಗಡಿ ಬಗ್ಗೆ ನೀವು ಬರೀತಿದ್ರಲ್ಲ, ಹುಡುಕ್ಕೊಂಡು ಬಂದೆ." ನನ್ನ ಮೊಣಕೈ ಹಿಡಿದು ಮೆಲ್ಲನೆ ಕೂರಿಸಿದ. ಕಿವುಡನಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಮಾತಾಡಿದ.

"ಯಾಕ್ರೀ ಬರೆಯೋದು ನಿಲ್ಲಿಸಿಬಿಟ್ರಿ?" ಎಂದೆ.

"ಹೇಗೆ ಬರೀಲಿ ಯಜಮಾನ್ರೇ? ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಮೊದಲು ಬಣ್ಣ ಮರೆತ್ರು, ಆಮೇಲೆ ಯಾರು ಏನಾಗ್ಬೇಕು ಅನ್ನೋದು, ಆಮೇಲೆ ಊರು. ನಾನು ಪೆದ್ದ, ಪ್ರತಿ ಸಲ ತಿದ್ತಿದ್ದೆ. ಒಂದಿನ ಮಗು ಥರ ಅತ್ತುಬಿಟ್ರು. ನಿಮ್ಮನ್ನ ತಿದ್ದೋಕೆ ಮನಸ್ಸೇ ಬರ್ಲಿಲ್ಲ."

ನಿಜ ನಾಲಿಗೆಯ ತುದಿಗೆ ಬಂತು. ನನಗೆ ಎಲ್ಲ ನೆನಪಿದೆ ಮಾರಾಯ, ನಿನ್ನ ಬೈಗುಳಕ್ಕಾಗಿ ಕಟ್ಟಿದ ನಾಟಕ ಇದು ಎಂದು ಹೇಳಬೇಕಿತ್ತು. ಹೇಳಿದರೆ ಎದ್ದು ಹೋಗುತ್ತಾನೆ. ಅವನಪ್ಪನ ಸಂಕಟವನ್ನು ಆಟ ಮಾಡಿಕೊಂಡವನ ಪಕ್ಕ ಅವನೇಕೆ ಕೂರಬೇಕು? ನಾಚಿಕೆಯಿಂದ ತಲೆ ತಗ್ಗಿಸಿದೆ. ಅವನು ಅದನ್ನೂ ಕಾಯಿಲೆಯ ಲೆಕ್ಕಕ್ಕೇ ಹಾಕಿಕೊಂಡ.

"ಕೆಲಸ ಮುಗಿಸ್ಕೊಂಡು ವಾರ ವಾರ ಬರ್ತೀನಿ. ಜೊತೇಲಿ ಓದೋಣ. ಮರೆತಿದ್ದನ್ನ ನಾನು ಹೇಳ್ತೀನಿ, ಅದಕ್ಕೇನಂತೆ?" ಎನ್ನುತ್ತ ಹೊಸ ಸಂಚಿಕೆ ಬಿಡಿಸಿದ. "ಇವಳಿಗೆ ಹಾರೋಕೆ ಕಲಿಸಿದ್ದು ಯಾರು, ನೆನಪಿದೆಯಾ?"

ಕಲಿಸಿದ್ದು ಅವಳ ಅಜ್ಜಿ. ನೀರಿನ ಟ್ಯಾಂಕಿನ ಮೇಲೆ, ಮೊಟ್ಟಮೊದಲ ಸಂಚಿಕೆಯ ಕಡೆಯ ಪುಟದಲ್ಲಿ. ಅಜ್ಜಿಯ ಸೆರಗು ಯಾವ ಕಡೆಗೆ ಹಾರುತ್ತಿತ್ತೆಂದೂ ನಾನು ಹೇಳಬಲ್ಲೆ. ಜೀವಮಾನದಲ್ಲಿ ನನ್ನದು ಅಂತ ಹೆಮ್ಮೆಪಟ್ಟದ್ದು ಆ ನೆನಪೊಂದನ್ನೇ.

"ಇಲ್ಲ," ಎಂದೆ. "ಯಾರು?"

ಅವನು ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಹೇಳತೊಡಗಿದ.