ಏಡಿಯ ಮೇಲೊಂದು ಗೆರೆ

ಸೈಕಲ್ ಚೈನು ಕಡಿಯುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ದರ್ಜಿ ಅಕ್ಕ ಹೊಲಿದ ಬಟ್ಟೆಗಳ ಗಂಟನ್ನು ಊರಿನ ಇನ್ನೊಂದು ತುದಿಯ ಗಿರಾಕಿಗಳಿಗೆ ಮುಟ್ಟಿಸಿ, ಮೂರು ಗಂಟೆಯ ಸುಡುಬಿಸಿಲಲ್ಲಿ ವಾಪಸ್ ಹೊರಟಿದ್ದಳು. ಏರಿನಲ್ಲಿ ಎದ್ದು ನಿಂತು ಪೆಡಲ್ ತುಳಿದದ್ದೇ ತಡ, ಟಣ್ಣೆಂದು ಚೈನು ನೆಲಕ್ಕೆ ಬಿತ್ತು. ಐವತ್ತೆರಡು ವರ್ಷದ ಹೆಂಗಸು ನಡುರಸ್ತೆಯಲ್ಲಿ ನಿಂತು ಸೈಕಲ್ಲಿಗೆ ಬಾಯಿಗೆ ಬಂದಂತೆ ಬೈದಳು. ಬೈದರೆ ಚೈನು ಕೂಡಿಕೊಳ್ಳುತ್ತದೆಯೇ? ತಳ್ಳಿಕೊಂಡು ಹೋದಳು.

ತಿರುವಿನಲ್ಲಿ ಒಂದು ತಗಡಿನ ಅಂಗಡಿ. ಒಳಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು, ಮೊಣಕೈವರೆಗೂ ಗ್ರೀಸು. "ಚೈನಾ? ಕೂತ್ಕೊಳ್ಳಿ, ಹತ್ತು ನಿಮಿಷ," ಎಂದವಳು ಡಬ್ಬಿಯಿಂದ ಅಂಗೈಯಗಲದ ಕಬ್ಬಿಣದ ಟೂಲೊಂದನ್ನು ತೆಗೆದಳು. ಚೈನಿನ ಕೊಂಡಿಯನ್ನು ಕಚ್ಚಿ ಹಿಡಿಯಲು ಎರಡು ಹಲ್ಲು, ಹಿಂದೆ ತಿರುಗಿಸುವ ಹಿಡಿ. ತಿರುಗಿಸಿದರೆ ಸ್ಕ್ರೂ ಮುಂದೆ ಸರಿದು ಕೊಂಡಿಯ ಪಿನ್ನನ್ನು ಹೊರಗೆ ತಳ್ಳುತ್ತದೆ. ಅವಳು ಮೆಲ್ಲಗೆ ತಿರುಗಿಸುತ್ತಾ ಹೋಗಿ, ಸ್ಕ್ರೂವಿನ ಮೇಲಿದ್ದ ಒಂದು ಸಣ್ಣ ಗೆರೆ ಅಂಚಿಗೆ ಬಂದ ಕೂಡಲೇ ನಿಲ್ಲಿಸಿದಳು.

ದರ್ಜಿ ಅಕ್ಕ ಕೂತಲ್ಲಿಂದ ಎದ್ದು ಬಗ್ಗಿ ನೋಡಿದಳು. ಆ ಗೆರೆ ಅವಳದು.

ಅವಳ ಅಪ್ಪನಿಗೂ ಸೈಕಲ್ ಅಂಗಡಿ ಇತ್ತು. ಪಂಚರ್ ಹಾಕಿಸಲು ಬಂದವರಿಗೂ ಪಾಠ ಮಾಡಿಯೇ ಕಳಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ಸೈಕಲ್ ಮೇಷ್ಟ್ರು. ಈ ಟೂಲಿಗೆ ಅವರಿಟ್ಟ ಹೆಸರು ಏಡಿ. "ಪಿನ್ನನ್ನ ಪೂರ್ತಿ ಹೊರಗೆ ತಳ್ಳಬೇಡ. ತುದೀಲಿ ಕೂದಲೆಳೆಯಷ್ಟು ಹಿಡ್ಕೊಂಡಿರಲಿ. ಬಿತ್ತೋ, ಮತ್ತೆ ಕೂರಲ್ಲ" ಎಂಬುದು ಅವರ ಮೊದಲ ಪಾಠ. ಒಂಬತ್ತು ವರ್ಷದ ಮಗಳು ಹುಮ್ಮಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಪಿನ್ನು ಬೀಳಿಸಿ ಗೊಳೋ ಎಂದು ಅತ್ತಾಗ, ಅಪ್ಪ ಕಬ್ಬಿಣ ಉಜ್ಜುವ ಅರ ತೆಗೆದುಕೊಂಡು ಸ್ಕ್ರೂವಿನ ಮೇಲೆ ಒಂದು ಗೆರೆ ಎಳೆದರು. "ಇನ್ಮೇಲೆ ಈ ಗೆರೆಗೆ ನಿಲ್ಲಿಸು ಮಗಳೇ." ಅವಳು ನಿಲ್ಲಿಸಿದಳು. ಆಮೇಲೆ ಒಂದು ಪಿನ್ನೂ ಬೀಳಲಿಲ್ಲ. ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಓಡಿ ಬಂದು, ಅಪ್ಪನ ಮೊಣಕಾಲಿಗೆ ಒರಗಿ ಕೂತು ಚೈನು ಬಿಚ್ಚುತ್ತಿದ್ದ ಆ ಸಂಜೆಗಳಂಥ ಸುಖ ಅವಳಿಗೆ ಮತ್ತೆಲ್ಲೂ ಸಿಕ್ಕಿಲ್ಲ.

ಹನ್ನೆರಡನೇ ವಯಸ್ಸಿನಲ್ಲಿ ಅದಕ್ಕೆ ಕಲ್ಲು ಬಿತ್ತು. ಮಧ್ಯಾಹ್ನ ಅಪ್ಪ ಊಟಕ್ಕೆ ಹೋಗಿದ್ದಾಗ ಮನೆಮನೆಗೆ ಪತ್ರಿಕೆ ಹಾಕುತ್ತಿದ್ದ ಪೇಪರ್ ಅಣ್ಣ ಓಡಿ ಬಂದ. "ಪುಟ್ಟಿ, ಚೈನು ಕಡಿದು ಸೈಕಲ್ ಅಲ್ಲೇ ದಾರೀಲಿ ಬಿದ್ದಿದೆ. ಏಡಿ ಕೊಡು, ಈಗಲೇ ವಾಪಸ್ ತಂದ್ಕೊಡ್ತೀನಿ." ಕೊಟ್ಟಳು. ಕತ್ತಲಾಗುವ ತನಕ ಅಂಗಡಿ ಮೆಟ್ಟಿಲ ಮೇಲೆ ನಿಂತು ದಾರಿ ನೋಡಿದಳು. ಅವನು ಬರಲಿಲ್ಲ, ಮರುದಿನವೂ ಇಲ್ಲ. "ಏಡಿ ಎಲ್ಲಿ?" ಎಂದು ಅಪ್ಪ ಕೇಳಿದಾಗ ಅವಳು ತಲೆ ತಗ್ಗಿಸಿಕೊಂಡು ಟ್ಯೂಬ್ ಉಜ್ಜುತ್ತಿದ್ದಳು. ಅವರು ಇನ್ನೊಮ್ಮೆ ಕೇಳಲಿಲ್ಲ. ಅಂದಿನಿಂದ ಮೊಳೆ ಸುತ್ತಿಗೆಯಲ್ಲೇ ಪಿನ್ನು ಹೊಡೆದರು. ಏಟು ತಪ್ಪಿದಾಗಲೆಲ್ಲ ಎಡಗೈ ಹೆಬ್ಬೆರಳಿಗೆ ಬೀಳುತ್ತಿತ್ತು. ಉಗುರು ಕಪ್ಪಾಗಿ ಬಿದ್ದು, ಸೊಟ್ಟಗೆ ಬೆಳೆದು, ಮತ್ತೆ ಕಪ್ಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಈ ನಲವತ್ತು ವರ್ಷವೂ ಯಾರಾದರೂ ಚೈನಿನ ಮಾತೆತ್ತಿದರೆ ಸಾಕು, ಅವಳು ಅಪ್ಪನ ಹೆಬ್ಬೆರಳು ನೋಡುತ್ತಿದ್ದಳು.

"ಇದು ನಮ್ಮಪ್ಪಂದು," ಎಂದಳು ದರ್ಜಿ ಅಕ್ಕ.

ಮೆಕ್ಯಾನಿಕ್ ಹುಬ್ಬೇರಿಸಿದಳು. "ಚೆನ್ನಾಗಿದೆ ಕಣ್ರೀ ನಿಮ್ಮ ಮಾತು! ನಮ್ಮಪ್ಪ ಸಾಯೋ ತನಕ ದುಡಿದಿದ್ದು ಇದರಲ್ಲೇ."

"ನಿಮ್ಮಪ್ಪ ಪೇಪರ್ ಹಾಕ್ತಿದ್ರಾ?"

"ನಾನು ಹುಟ್ಟೋಕೆ ಮುಂಚೆ. ನಿಮಗೆ ಹೇಗೆ ಗೊತ್ತು?"

ದರ್ಜಿ ಅಕ್ಕನಿಗೆ ಜಗಳವಾಡುವ ಮನಸ್ಸು ಇಳಿದುಹೋಯಿತು. "ನನಗೆ ಇದು ಬೇಡಮ್ಮ. ನಮ್ಮಪ್ಪನಿಗೆ ಎಂಬತ್ತೈದು, ಕಣ್ಣು ಮಂಜಾಗಿದೆ. ಒಂದ್ಸಲ ಅವರ ಕೈಗೆ ಕೊಟ್ಟು, ಒಂದು ಮಾತು ಹೇಳಬೇಕು. ಆರು ಗಂಟೆಗೆ ತಂದುಕೊಡ್ತೀನಿ."

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಟೂಲ್ ಯಾರಿಗೂ ಕೈಬಿಟ್ಟು ಕೊಡಬೇಡ ಅಂತ ನಮ್ಮಪ್ಪಾನೇ ಹೇಳಿದ್ದು."

ನಿಮ್ಮಪ್ಪನಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡು, ದರ್ಜಿ ಅಕ್ಕ ಚೀಲದಿಂದ ತನ್ನ ಕತ್ತರಿ ತೆಗೆದು ಒತ್ತೆಯಿಟ್ಟಳು. ಹೆತ್ತ ಮಗಳಿಗೂ ಮುಟ್ಟಲು ಬಿಡದ ಕತ್ತರಿ ಅದು. ಅದರ ಸವೆದ ಹಿಡಿಯನ್ನು ನೋಡಿಯೇ ಮೆಕ್ಯಾನಿಕ್‌ಗೆ ಅರ್ಥವಾಯಿತು. ಚೈನು ಕೂಡಿಸಿ, ಏಡಿಯನ್ನು ಬಟ್ಟೆಯಲ್ಲಿ ಒರೆಸಿ ಕೊಟ್ಟಳು.

ಮನೆಯಲ್ಲಿ ಅಪ್ಪ ಕಿಟಕಿ ಪಕ್ಕ ಕೂತು ಹೊಲಿಗೆ ಮಿಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ಅವಳು ಏಡಿಯನ್ನು ಅವರ ಅಂಗೈಯಲ್ಲಿಟ್ಟಳು. ಬೆರಳುಗಳು ಹಿಡಿ ಮುಟ್ಟಿ, ಹಲ್ಲು ಮುಟ್ಟಿ, ಗೆರೆಯ ಮೇಲೆ ನಿಂತವು.

"ಅರೆ! ಏಡಿ ಕಣೇ ಇದು!"

"ಅವತ್ತು ನಾನೇ ಕೊಟ್ಟಿದ್ದೆ ಅಪ್ಪ, ಪೇಪರ್ ಅಣ್ಣನಿಗೆ. ನಿನ್ನ ಕೇಳದೆ. ಕೇಳಿದಾಗ ಬಾಯಿ ಬಿಡಲಿಲ್ಲ. ನಿನ್ನ ಬೆರಳು ಹಾಳಾಗಿದ್ದು ನನ್ನಿಂದ."

"ಗೊತ್ತು," ಎಂದರು ಅಪ್ಪ.

"ಗೊತ್ತಾ?"

"ಮುಂದಿನ ವಾರವೇ ಹುಡುಕ್ಕೊಂಡು ಹೋಗಿದ್ನಲ್ಲ. ಪೇಪರ್ ಕೆಲಸ ಹೋಗಿತ್ತು ಅವನಿಗೆ. ಗೋಣಿಚೀಲ ಹಾಸ್ಕೊಂಡು, ಇದೊಂದನ್ನೇ ಇಟ್ಕೊಂಡು ರಿಪೇರಿಗೆ ಕೂತಿದ್ದ. ಪಕ್ಕದಲ್ಲಿ ಹೆಂಡತಿ, ತುಂಬಿದ ಬಸುರಿ. ನನ್ನ ನೋಡಿ ಎದ್ದು ಏಡಿ ಮುಂದೆ ಚಾಚಿದ. ಹೇಗೆ ಇಸ್ಕೊಳ್ಳಲಿ ಹೇಳು? ಗೆರೆಗೆ ನಿಲ್ಲಿಸಪ್ಪ ಅಂತ ತೋರಿಸ್ಕೊಟ್ಟು ಬಂದೆ."

"ನನಗ್ಯಾಕೆ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಆಮೇಲೆ ಮರ್ತಿದ್ದೀಯ ಅಂದ್ಕೊಂಡೆ. ಈ ಬೆರಳಿನ ತಪ್ಪನ್ನ ನಿನ್ನ ಮೇಲೆ ಯಾಕೆ ಎಳ್ಕೋತೀಯ? ಹೊಸದು ತರೋಣ ತರೋಣ ಅಂತಲೇ ಸುತ್ತಿಗೆ ಅಭ್ಯಾಸ ಆಗೋಯ್ತು. ನನ್ನ ಸೋಮಾರಿತನ ಅದು." ಅವರ ದನಿ ಇದ್ದಕ್ಕಿದ್ದಂತೆ ಸಣ್ಣಗಾಯಿತು. "ನಲವತ್ತು ವರ್ಷ ಹೊಟ್ಟೇಲಿ ಇಟ್ಕೊಂಡಿದ್ಯಾ? ಹುಚ್ಚು ಮುಂಡೇದೇ, ಒಂದ್ಸಲ ಹೇಳಬಾರದಿತ್ತಾ?"

ಅವಳು ಒಂಬತ್ತು ವರ್ಷದವಳಂತೆ ಗೊಳೋ ಎಂದು ಅತ್ತಳು. ಅಪ್ಪ ಆ ಸೊಟ್ಟ ಹೆಬ್ಬೆರಳಲ್ಲೇ ಅವಳ ಕೆನ್ನೆ ಒರೆಸಿ, "ಅರ ಎಲ್ಲಿದೆ ನೋಡು. ಗೆರೆ ಸವೆದುಹೋಗಿದೆ," ಎಂದರು.

ಕಣ್ಣು ಮುಚ್ಚಿಕೊಂಡು, ಉಗುರಿನಿಂದ ಜಾಗ ಗುರುತಿಸಿಕೊಂಡು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಅರ ಎಳೆದರು. ಊದಿದರು, ಸವರಿ ನೋಡಿದರು. "ಎಷ್ಟು ಹೊತ್ತಿಗೆ ಕೊಡ್ತೀನಿ ಅಂದಿದ್ದೀಯ?"

"ಆರಕ್ಕೆ."

"ಇನ್ನೂ ಕೂತಿದ್ದೀಯಲ್ಲ! ಏಳೇ, ಅವಳು ಕಾಯ್ತಿರ್ತಾಳೆ."

ದರ್ಜಿ ಅಕ್ಕ ದಾರಿಯುದ್ದಕ್ಕೂ ಎದ್ದು ನಿಂತೇ ತುಳಿದಳು. ತಿರುವಿನಲ್ಲಿ ಮೆಕ್ಯಾನಿಕ್ ಅಂಗಡಿ ಬಿಟ್ಟು ರಸ್ತೆಗೆ ಬಂದು, ಕತ್ತರಿಯನ್ನು ಎದೆಗವಚಿಕೊಂಡು ಈ ಕಡೆಯೇ ನೋಡುತ್ತಾ ನಿಂತಿದ್ದಳು. ಹಾಗೆ ನಿಲ್ಲುವುದು ಎಂಥ ಸಂಕಟ ಎಂದು ದರ್ಜಿ ಅಕ್ಕನಿಗೆ ಹೇಳಿಕೊಡಬೇಕೇ? ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದರಲ್ಲಿ ಏಡಿಯನ್ನು ಮೇಲೆತ್ತಿ ಅಷ್ಟು ದೂರದಿಂದಲೇ ಕೂಗಿದಳು:

"ಬಂದೆ ಕಣಮ್ಮಾ, ಬಂದೆ!"