ನೀರು ನಿಲ್ಲಿಸಿದ ಲಿಂಬೆ

ಕೊಲ್ಲುವುದಾದ್ರೆ ಒಂದೇ ಏಟಿಗೆ ಕೊಂದುಬಿಡು ಮಾರಾಯ್ತಿ, ಹೀಗೆ ಬಾಯಿ ಒಣಗಿಸಿ ಎಂತಕ್ಕೆ ಕೊಲ್ಲುವುದು — ಕೆಳಮಹಡಿಯ ಅಡುಗೆಮನೆ ಕಿಟಕಿಯಿಂದ ವಾರಿಜಾಬಾಯಿ ದಿನಾ ಅನ್ನುವಂತೆ ಇವತ್ತೂ ಅಂದಳು, ಕುಣಿಯೊಳಗೆ ಕುಕ್ಕರುಗಾಲಲ್ಲಿ ಕೂತ ರುದ್ರವ್ವ ನಕ್ಕಳು, ಸಾಯೂದಿಲ್ಲರಿ ಬಾಯಿ, ಗಿಡಕ್ಕ ಸೊಕ್ಕ ಬಂದದ, ಇಳಸಾಕತ್ತೀನಿ ಅಷ್ಟ — ಲಿಂಬೆಯ ಬುಡದ ಸುತ್ತ ಮಣ್ಣು ತೆಗೆದು, ನೀರು ನಿಲ್ಲಿಸಿ, ಬೇರಿಗೆ ಬಿಸಿಲು ತೋರಿಸಿ ಇವತ್ತಿಗೆ ಹದಿನಾಲ್ಕು ದಿನ, ವಡಾಲದ ಥಂಡಿ ಅಂದರೆ ಎಷ್ಟು, ಬೆಳಿಗ್ಗೆ ಒಂದು ತಾಸು ಸೆರಗು ಹೊದೆಯುವಷ್ಟು, ಸ್ಟೇಶನ್ನಿನ ಚಹಾದವನು ಮಾತ್ರ ಮಫ್ಲರ್ ಸುತ್ತಿಕೊಂಡು ಕಾಶ್ಮೀರಕ್ಕೆ ಹೊರಟವನಂತೆ ಕೂರುತ್ತಾನೆ, ಆದರೆ ಗಿಡಕ್ಕೆ ಅಷ್ಟೇ ಸಾಕು, ಮಳೆ ಮುಗಿಯಿತು ಅಂತ ಅದಕ್ಕೆ ಗೊತ್ತಾದರೆ ಸಾಕು, ತವರೂರು ಇಂಡಿಯ ಲಿಂಬೆತೋಟದಲ್ಲಿ ಅಪ್ಪ ಹೇಳುತ್ತಿದ್ದಾನೆ, ಸತ್ತು ಒಂಬತ್ತು ವರ್ಷವಾದರೂ ಈಗಲೇ, ಇಲ್ಲೇ ಹೇಳುತ್ತಿದ್ದಾನೆ, ಬೇರ ಕಡೀಬ್ಯಾಡ ರುದ್ರಿ, ಬರೇ ಬಿಸಲಿಗೆ ತೋರ್ಸು, ಎಲಿ ಹಳದಿ ಆಗಿ ಉದುರ್ತಾವ, ಮಂದಿ ನಗ್ತಾರ, ನಗ್ಲಿ, ಆಮ್ಯಾಲ ಗೊಬ್ಬರ ಹಾಕಿ ನೀರ ಬಿಡು, ಹೂ ಹೆಂಗ ಬರೂದಿಲ್ಲ ನಾನೂ ನೋಡ್ತೀನಿ — ಮಂದಿ ನಗಲೂ ಇಲ್ಲ ಇಲ್ಲಿ, ಸಿಟ್ಟಾದರು, ಮೂರನೇ ಮಹಡಿಯ ಗುಜರಾತಿ ಮುದುಕಿ ಕೈ ಮುಗಿದು ಪಾಪ್ ಲಗೇಗಾ ಅಂದಳು, ಏಳು ವರ್ಷ ಒಂದು ಕಾಯಿ ಕಾಣದ ಗಿಡಕ್ಕೆ ಈಗ ಎಷ್ಟೊಂದು ಮಂದಿ ಬಳಗ!

ವಾರಿಜಾಬಾಯಿಯ ಗಂಡ ನೆಟ್ಟದ್ದು, ನೆಟ್ಟ ವರ್ಷವೇ ತೀರಿಕೊಂಡರಂತೆ, ಬಿಲ್ಡಿಂಗಿನ ಕಮಿಟಿಯವರು ಇದನ್ನು ಕಡಿದು ಸ್ಕೂಟರ್ ನಿಲ್ಲಿಸುವ ಜಾಗ ಮಾಡೋಣ ಅಂದಾಗ ರುದ್ರವ್ವ ಸುಮ್ಮನಿರಬಹುದಿತ್ತು, ಮಾಲಿ ಕೆಲಸ ಸಿಕ್ಕಿ ಮೂರೇ ತಿಂಗಳಾಗಿತ್ತು, ಆದರೆ ಹೆಂಗಸು ಮಾಲಿಯೇ ಅಂತ ಮೂಗು ಮುರಿದವರ ಎದುರಿಗೇ ಅಂದುಬಿಟ್ಟಳು, ಹದಿನೈದ ದಿನ ಒಣಗಸಾಕ ಬಿಡ್ರಿ, ಸಂಕ್ರಾಂತಿಗೆ ಹೂ ತೋರಸ್ತೀನಿ, ಇಲ್ಲಂದ್ರ ಗಿಡದ ಕೂಡ ನನ್ನೂ ತಗೀರಿ — ಅಂದದ್ದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ, ಕೈಗೆ ಗೊತ್ತಿರುವ ಕೆಲಸ, ಆದರೆ ಈ ಮಗ್ಗುಲು, ಗೇಟಿನ ಕಡೆ ಎಲೆ ಉದುರಿ ಬೋಳಾಗಿದೆ, ಬಿಲ್ಡಿಂಗಿನ ಗೋಡೆಯ ಕಡೆ ಇನ್ನೂ ಹಸಿರು, ಮದುವೆಗೆ ಹೊರಟಂಥ ಹಸಿರು, ಒಂದೇ ಗಿಡ ಎರಡು ಮನಸ್ಸು ಮಾಡುವುದುಂಟೇ, ಅದಕ್ಕೇ ಇವತ್ತು ಒಂಬತ್ತಾದರೂ ಸಯನ್ನಿನ ಇನ್ನೊಂದು ಕೆಲಸಕ್ಕೆ ಹೊರಟಿಲ್ಲ, ಗೋಡೆ ಕಡೆಯ ಬೇರುಗಳ ನಡುವೆ ಕೈ ಇಳಿಸಿದಳು — ತಣ್ಣಗೆ. ಹಸಿ. ಮುಷ್ಟಿ ಮೇಲೆತ್ತಿ ಬಿಚ್ಚಿದರೆ ಕೆಸರು, ಕೆಸರಿನಲ್ಲಿ ನಾಲ್ಕು ಅಕ್ಕಿಕಾಳು, ಉಬ್ಬಿ ಬೆಳ್ಳಗಾದವು. ತಲೆ ಎತ್ತಿದಳು, ನೇರ ಮೇಲೆ ಅದೇ ಕಿಟಕಿ, ಹೋದ ಡಿಸೆಂಬರಿನ ಯುದ್ಧದಲ್ಲಿ ಬೆಳಕು ಹೊರಬೀಳದಂತೆ ಗಾಜಿಗೆ ಅಂಟಿಸಿದ ಕರಿಕಾಗದ ಇನ್ನೂ ಒಂದು ಮೂಲೆಯಲ್ಲಿ, ಅಯ್ಯೋ ಬಾಯಿ, ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು, ನಾನು ಆ ಕಡೆ ಹೋಗುತ್ತಲೇ ಈ ಕಡೆ ನೀವು, ಹದಿನಾಲ್ಕು ದಿನ ಅಲ್ಲ, ಏಳು ವರ್ಷ, ಗಂಡನ ಗಿಡ ಬಾಯಾರಬಾರದು ಅಂತ ಏಳು ವರ್ಷ ಕುಡಿಸಿ ಕುಡಿಸಿ ಅದನ್ನು ಬಂಜೆ ಮಾಡಿ ಕೂರಿಸಿದವರು ನೀವೇ —

ಏನ್ ರುದ್ರವ್ವ, ಅರ್ಧ ಬೋಳು ಅರ್ಧ ಹಸರು, ಕ್ಷೌರದ ನಡುವ ಎದ್ದ ಓಡಿ ಬಂದಂಗ ಕಾಣ್ತದಲ್ಲ ನಿನ್ನ ಗಿಡ, ಕುಣಿಯ ಅಂಚಿಗೆ ಬಂದು ನಿಂತವರು ಧಾರವಾಡ ಕಡೆಯ ಚನ್ನಬಸಯ್ಯ, ಸೊಸೈಟಿಯ ಸೆಕ್ರೆಟರಿ, ನಗೆಯ ಹಿಂದೆಯೇ ಮಾತು ಗಟ್ಟಿಯಾಯಿತು, ನಾಳೆ ಮೀಟಿಂಗ್ ಐತಿ, ಕಡೀರಿ ಅಂತಾರ ಮಂದಿ, ಏನ್ ಹೇಳ್ಲಿ? ಮುಷ್ಟಿ ಬಿಚ್ಚಿ ತೋರಿಸಿದರೆ ಮುಗಿಯಿತು, ನನ್ನ ತಪ್ಪಲ್ಲರೀ ಅಂದರೆ ಕೆಲಸ ಉಳಿಯಿತು, ಆದರೆ ಕಿಟಕಿಯಲ್ಲಿ ಆ ಮುಖ, ವಾರಿಜಾಬಾಯಿಯ ಕಣ್ಣು ಈ ಮುಷ್ಟಿಯ ಮೇಲೆ — ರುದ್ರವ್ವ ಮುಷ್ಟಿ ಬಿಗಿದಳು, ಇನ್ನ ಹತ್ತ ದಿನ ಬೇಕ ಅಂತ ಹೇಳ್ರಿ ಅಯ್ನಾರ, ಈ ಮಣ್ಣ ನಮ್ಮ ಎರಿ ಮಣ್ಣಲ್ಲ, ಲೆಕ್ಕ ನಂದ ತಪ್ಪೇದ, ಕೆಲಸ ತಪ್ಪಿಲ್ಲ. ಲೆಕ್ಕವೂ ತಪ್ಪಿಲ್ಲ, ಅಂದಳು ಮೇಲಿನಿಂದ ವಾರಿಜಾಬಾಯಿ, ನೀರು ಹಾಕಿದ್ದು ನಾನು, ಅವಳ ಕಣ್ಣು ತಪ್ಪಿಸಿ ದಿನಾ ಹಾಕಿದ್ದೇನೆ, ನಮ್ಮವರು ಹೋಗುವಾಗ ಗಿಡಕ್ಕೆ ನೀರು ಮರೆಯಬೇಡ ಅಂದಿದ್ದರು, ಎಂತ ಮಾಡುವುದು, ಹತ್ತು ದಿನ ಕೊಡಿ ಅವಳಿಗೆ, ಮೀಟಿಂಗಿಗೆ ನಾನೇ ಬರ್ತೇನೆ. ಚನ್ನಬಸಯ್ಯ ಇಬ್ಬರನ್ನೂ ನೋಡಿ ಟೋಪಿ ಸರಿಮಾಡಿಕೊಂಡರು, ಹತ್ತ ಅಂದ್ರ ಹತ್ತ, ಹನ್ನೊಂದಕ್ಕ ಇಬ್ಬರನೂ ಸ್ಕೂಟರ್ ಕಾಯಾಕ ಕೂಡಸ್ತೀನಿ, ಅಂತ ಗೇಟಿನ ಕಡೆ ನಡೆದರು.

ಕಿಟಕಿ ಖಾಲಿಯಾಯಿತು. ಒಳಗೆ ಡಬ್ಬಿಯ ಸದ್ದು, ನಲ್ಲಿಯ ಸದ್ದು, ಮಧ್ಯಾಹ್ನದ ಅನ್ನಕ್ಕೆ ಅಕ್ಕಿ, ರುದ್ರವ್ವ ಒಂದು ಬುಟ್ಟಿ ಒಣ ಮಣ್ಣು ತಂದು ಹಸಿಯ ಮೇಲೆ ಹರಡುತ್ತಾಳೆ, ಹತ್ತು ದಿನ ಸಾಕು, ಸಾಕಾಗಲೇಬೇಕು, ಈ ಗಾಳಿ ಸಾಕು, ಅಪ್ಪನ ಕೈ ನನ್ನ ಕೈ, ಆಮೇಲೆ ಎರಡು ಬುಟ್ಟಿ ಸಗಣಿ ಗೊಬ್ಬರ, ಆಮೇಲೆ ನೀರು, ಮೊದಲ ಕೊಡ ಬಾಯಿಯ ಕೈಯಿಂದಲೇ ಹಾಕಿಸಬೇಕು, ಆಮೇಲೆ — ಕಿಟಕಿಯಿಂದ ಒಂದು ಕೈ ಹೊರಗೆ ಬಂತು, ಕೈಯಲ್ಲಿ ಪಾತ್ರೆ, ಪಾತ್ರೆ ಓರೆಯಾಗಿದೆ, ಬೆಳ್ಳಗಿನ ನೀರು ಅಂಚಿಗೆ ಬಂದು ನಿಂತಿದೆ, ಬೀಳಲಿಲ್ಲ, ಓರೆ ಪಾತ್ರೆ, ಅಂಚಿನ ನೀರು, ಆ ಕೈ, ಬೀಳಲಿಲ್ಲ, ಇನ್ನೂ ಬೀಳಲಿಲ್ಲ — ಕೈ ಒಳಗೆ ಹೋಯಿತು. ಮೋರಿಗೆ ನೀರು ಸುರಿದ ಸದ್ದು.